ಹೆಸರು ಬೀಳುವ ಹೊತ್ತು

ನಮ್ಮ ವಾಡಿಯಲ್ಲಿ ಸಿನಿಮಾಕ್ಕೆ ಹೊರಟವರು "ಶುರು ಆಯ್ತೇನು?" ಎಂದು ಕೇಳುತ್ತಿರಲಿಲ್ಲ, "ಹೆಸರು ಬಿದ್ದಾವೇನು?" ಎಂದು ಕೇಳುತ್ತಿದ್ದರು. ಪರದೆಯ ಮೇಲೆ ನಟರ, ಸಂಗೀತದವರ, ನಿರ್ದೇಶಕರ ಹೆಸರು ಒಂದಾದ ಮೇಲೊಂದು ಬರುವ ಆ ಮೂರು ನಾಲ್ಕು ನಿಮಿಷಕ್ಕೆ ನಮ್ಮಲ್ಲಿ ಅದೇ ಮಾತು. ಹೆಸರು ಬೀಳುತ್ತಿವೆ ಎಂದರೆ ಇನ್ನೂ ಏನೂ ಕಳೆದುಕೊಂಡಿಲ್ಲ, ಓಡಿದರೆ ಸಿಗುತ್ತದೆ ಎಂದರ್ಥ.

ಅವ್ವನಿಗೆ ಮಾತ್ರ ಓಡಿದರೂ ಸಿಗುತ್ತಿರಲಿಲ್ಲ. ಎಪ್ಪತ್ತರ ದಶಕದ ಮಾತು. ಅಪ್ಪ ಶಹಾಬಾದಿನ ಒಬ್ಬ ಫರಸಿ ಕಲ್ಲಿನ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದರು. ಸಂಜೆ ಅವರು ಬಂದು ಚಹಾ ಕುಡಿದು ನಮ್ಮನ್ನು ಹೊರಡಿಸಿದರೆ, ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ, "ನೀವು ಮುಂದ ನಡೀರಿ, ಹೆಸರು ಬೀಳೋದ್ರಾಗ ಬರ್ತೀನಿ" ಎನ್ನುತ್ತಿದ್ದಳು. ಪಾಳಿ ಮುಗಿಸಿ ಬರುವ ಕಾಕಾನಿಗೆ ರೊಟ್ಟಿ ಬಡಿಯಬೇಕು, ಅಜ್ಜಿಗೆ ಉಣಿಸಬೇಕು, ಒಲೆ ಆರಿಸಬೇಕು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಕೆ ಡೇರೆಯೊಳಗೆ ಬಂದು ಕೂರುವ ಹೊತ್ತಿಗೆ ಹೆಸರೆಲ್ಲ ಬಿದ್ದು ಕಥೆ ಒಂದು ಹರದಾರಿ ಮುಂದೆ ಹೋಗಿರುತ್ತಿತ್ತು. ಚಿತ್ತಾಪುರ, ಸೇಡಂನಲ್ಲಿದ್ದ ನಮ್ಮ ನೆಂಟರ ಹೆಂಗಸರದೂ ಇದೇ ಕಥೆ. ರೈಲಿಲ್ಲದ ಚಿಂಚೋಳಿಯಿಂದ ಬಸ್ಸು ಹಿಡಿದು ಬರುತ್ತಿದ್ದ ಚಿಗವ್ವನಂತೂ ಎಲ್ಲ ಸಿನಿಮಾಗಳನ್ನೂ ನಡುವಿನಿಂದಲೇ ಹೇಳುತ್ತಿದ್ದಳು.

ನನಗೂ ಅಪ್ಪನಿಗೂ ಹೆಸರು ಬೀಳುವುದೇ ಒಂದು ಹಬ್ಬ. ಮೊದಲು ಸೆನ್ಸಾರ್ ಸರ್ಟಿಫಿಕೇಟು. ಎಷ್ಟು ರೀಲು ಎಂದು ಓದಿ ಹುಡುಗರು ಕೂಗುತ್ತಿದ್ದರು. ಜೆಮಿನಿಯವರ ಚಿತ್ರವಾದರೆ ಕಹಳೆ ಊದುವ ಇಬ್ಬರು ಮಕ್ಕಳು. ಆಮೇಲೆ ಚಿತ್ರದ ಹೆಸರು. ಹಿಂದಿ ಚಿತ್ರಗಳದ್ದು ಆಗ ಇಂಗ್ಲಿಷ್, ಹಿಂದಿ, ಉರ್ದು ಮೂರೂ ಲಿಪಿಗಳಲ್ಲಿ ಬೀಳುತ್ತಿತ್ತು. ಅಪ್ಪ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಮ್ಮ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಪ್ಪನ ಅಕ್ಷರ ಮಾತ್ರ ಹಾಗೇ ಉಳಿಯಿತು. ಒಂದೇ ಬೆಂಚಿನ ಮೇಲೆ ಕೂತು ಅಪ್ಪ ಬಲದಿಂದ, ನಾನು ಎಡದಿಂದ ಒಂದೇ ಹೆಸರನ್ನು ಓದುತ್ತಿದ್ದೆವು.

ಹೆಸರು ಬೀಳುವ ಹೊತ್ತಿಗೆ ಬೇರೆ ದೇಶಗಳಲ್ಲೂ ಬಹುಕಾಲ ಬೆಲೆ ಇರಲಿಲ್ಲವಂತೆ. ಅಮೆರಿಕದಲ್ಲಿ ಹೆಸರುಗಳು ಮುಗಿದ ಮೇಲೆಯೇ ಪರದೆಯ ಮುಂದಿನ ತೆರೆ ಸರಿಸುವ ರೂಢಿಯಿತ್ತು. ಸಾಲ್ ಬಾಸ್ ಎಂಬ ಕಲಾವಿದ ಹೆಸರುಗಳನ್ನೇ ಕುಣಿಸಿ, ಮುರಿದು, ಕಥೆಯ ಸುಳಿವು ಕೊಡುವಂತೆ ಮಾಡಿದ. 1955ರಲ್ಲಿ ಅವನು ಹೆಸರುಗಳನ್ನು ರೂಪಿಸಿದ ಒಂದು ಚಿತ್ರದ ಡಬ್ಬಿಗಳ ಮೇಲೆ, ಹೆಸರು ಬೀಳುವ ಮೊದಲೇ ತೆರೆ ಸರಿಸಿರಿ ಎಂದು ಆಪರೇಟರಿಗೆ ಚೀಟಿ ಅಂಟಿಸಿದ್ದರು. ಹಿಚ್‌ಕಾಕ್‌ನ 'ಸೈಕೋ' (1960) ಚಿತ್ರದಲ್ಲಿ ಬೂದುಬಣ್ಣದ ಪಟ್ಟಿಗಳು ಪರದೆಯನ್ನು ಸೀಳುತ್ತ ಓಡುತ್ತವೆ, ಪಿಟೀಲುಗಳು ಎದೆ ಗೀರುತ್ತವೆ. ಕೊಲೆ ಇನ್ನೂ ದೂರವಿದೆ, ಭಯ ಮಾತ್ರ ಆಗಲೇ ಬಂದು ಕೂತಿರುತ್ತದೆ.

1962ರಲ್ಲಿ ಜೇಮ್ಸ್ ಬಾಂಡ್ ಬಂದ. ಪಿಸ್ತೂಲಿನ ನಳಿಗೆಯೊಳಗಿಂದ ನೋಡಿದಂಥ ಆ ದುಂಡು ಬಿಳಿ ವೃತ್ತ ನಿಮಗೂ ನೆನಪಿರಬಹುದು. ಮರುವರ್ಷದ ಎರಡನೇ ಚಿತ್ರದಿಂದ ಮೊದಲೊಂದು ಘಟನೆ, ಆಮೇಲೆ ಹೆಸರು ಎಂಬ ಪದ್ಧತಿ ಗಟ್ಟಿಯಾಯಿತು. ಆ ಗಾಳಿ ನಮ್ಮಲ್ಲಿಗೂ ಬೀಸಿತು. 1968ರಲ್ಲಿ ದೊರೈ–ಭಗವಾನ್ 'ಜೇಡರ ಬಲೆ'ಯಲ್ಲಿ ರಾಜಕುಮಾರರನ್ನು ಸಿಐಡಿ 999 ಮಾಡಿದರು. 1978ರ ಹಿಂದಿ 'ಡಾನ್'ನಲ್ಲಿ ಮೊದಲು ಸೂಟ್‌ಕೇಸು ಸಿಡಿಯುತ್ತದೆ, ಹೆಸರು ಆಮೇಲೆ ಬೀಳುತ್ತವೆ. ಅಂದರೆ ತಡವಾಗಿ ಬರುವವರಿಗೆಂದು ಇದ್ದ ಆ ಮೂರು ನಾಲ್ಕು ನಿಮಿಷದ ದಯೆಯೂ ಹೋಯಿತು. ಹಿಚ್‌ಕಾಕ್ ಅಂತೂ 'ಸೈಕೋ' ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಥಿಯೇಟರುಗಳಿಗೆ ಕಟ್ಟಪ್ಪಣೆ ಮಾಡಿದ್ದ. ಅವನ ಥಿಯೇಟರಿನಲ್ಲಿ ನಮ್ಮವ್ವ ಬಾಗಿಲ ಹೊರಗೇ ನಿಲ್ಲಬೇಕಾಗುತ್ತಿತ್ತು.

ನಮ್ಮ ಡೇರೆಯಲ್ಲಿ ಬಾಗಿಲು ಮುಚ್ಚುತ್ತಿರಲಿಲ್ಲ. ಅವ್ವ ಬಂದು ಕೂತವಳೇ ಮೊದಲ ಹಾಡು ಬರುವವರೆಗೆ ಕಾಯುತ್ತಿದ್ದಳು. ಹಾಡು ಬಂದೊಡನೆ ನನ್ನ ಕಿವಿಯಲ್ಲಿ, "ಸುರೂಕ ಏನಾಗಿತ್ತವಾ?" ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. 'ಕಾನೂನ್' (1960), 'ಇತ್ತೆಫಾಕ್' (1969)ನಂಥ ಹಾಡಿಲ್ಲದ ಪತ್ತೇದಾರಿ ಚಿತ್ರಗಳಲ್ಲಿ ಆ ಬಿಡುವೂ ಇರುತ್ತಿರಲಿಲ್ಲ. ಮುಂದೆ ಸುನಿಲ್ ಕುಮಾರ್ ದೇಸಾಯಿಯವರ 'ತರ್ಕ' (1989), 'ನಿಷ್ಕರ್ಷ' (1993) ಕನ್ನಡದಲ್ಲಿ ಹಾಡಿಲ್ಲದೆ ಬಂದಾಗ ಎಲ್ಲರೂ ಹೊಗಳಿದರು, ನಾನೂ ಮೆಚ್ಚಿದೆ. ಆದರೆ ಪಕ್ಕದವಳನ್ನು ಕಥೆ ಕೇಳುವ ಹೆಂಗಸರು ಏನು ಮಾಡಿರಬೇಕು ಎಂದೂ ಅನಿಸಿತ್ತು.

ಒಂದು ದಿನ ನಾನು ಹೇಳಲಿಲ್ಲ. ಅಂದು ಹಳೆಯ 'ವೋ ಕೌನ್ ಥೀ' ಮತ್ತೆ ಬಂದಿತ್ತು. ರಾಜ್ ಖೋಸ್ಲಾ 1964ರಲ್ಲಿ ಮಾಡಿದ ಚಿತ್ರ. ಅದರ ಆರಂಭ ನೋಡಿದವರು ಮರೆಯಲಾರರು. ರಾತ್ರಿ, ಜಡಿಮಳೆ. ಡಾಕ್ಟರೊಬ್ಬನ ಕಾರಿನ ಎದುರು ಬಿಳಿ ಸೀರೆಯ ಹೆಣ್ಣು ನಿಂತಿದ್ದಾಳೆ. ಅವನು ಕಾರು ಹತ್ತಿಸಿಕೊಳ್ಳುತ್ತಾನೆ. ಆಕೆ ಸ್ಮಶಾನದ ಹತ್ತಿರ ಇಳಿದುಹೋಗುತ್ತಾಳೆ. ಆಮೇಲೆ ಅವನ ಮದುವೆಯಾಗುತ್ತದೆ. ಹೆಂಡತಿಯ ಮುಖ ನೋಡಿದರೆ ಅದೇ ಮುಖ! ಅವ್ವ ಬಂದು ಕೇಳಿದಾಗ ನನಗೆ ಮೈಮರೆತು ಹೋಗಿತ್ತು. "ಏನೂ ಆಗಿಲ್ಲ ಬಿಡವ್ವಾ, ಬರೇ ಹೆಸರು ಬಿದ್ದಾವು" ಎಂದುಬಿಟ್ಟೆ.

ಅವ್ವ ನಂಬಿದಳು. ಡೇರೆಯಲ್ಲಿ ಎಲ್ಲರೂ ಆ ಹೆಣ್ಣು ದೆವ್ವವೋ ಮೋಸಗಾತಿಯೋ ಎಂದು ಉಸಿರು ಬಿಗಿಹಿಡಿದಿದ್ದರೆ, ಅವ್ವ ಮಾತ್ರ, "ಛಲೋ ಹುಡುಗಿ ಆದಾಳ. ಗಂಡಗೇ ಏನೋ ಹುಚ್ಚು ಹಿಡದದ" ಎಂದು ಮರುಗುತ್ತಿದ್ದಳು. ನನಗೆ ನಾಚಿಕೆ, ಒಳಗೊಳಗೇ ನಗು. ಕೊನೆಗೆ ನೋಡಿದರೆ ಹೆಂಡತಿಯದು ಏನೂ ತಪ್ಪಿರಲಿಲ್ಲ. ಆಸ್ತಿಯ ಆಸೆಗೆ ಬೇರೆ ಯಾರೋ ಆಕೆಯ ಅವಳಿಯನ್ನು ಮುಂದಿಟ್ಟುಕೊಂಡು ಹೂಡಿದ ಆಟ ಅದು. ಅಷ್ಟು ಜನರಲ್ಲಿ ನಿಜ ಕಂಡವಳು ತಡವಾಗಿ ಬಂದ ನಮ್ಮವ್ವ ಒಬ್ಬಳೇ.

ಪತ್ತೇದಾರಿ ಚಿತ್ರದ ಆರಂಭಕ್ಕೆ ಎರಡೇ ಕೆಲಸವೆಂದು ನನಗೀಗ ಅನಿಸುತ್ತದೆ: ಒಂದು ಹೆಣ ಬೀಳಿಸುವುದು, ಇಲ್ಲವೇ ಒಂದು ಸಂಶಯ ಬಿತ್ತುವುದು. ಎಷ್ಟು ಸಲ ಆ ಹೆಣವೂ ಹೆಣ್ಣಿನದು, ಆ ಸಂಶಯವೂ ಹೆಣ್ಣಿನ ಮೇಲೆ! 'ತೀಸ್ರಿ ಮಂಜಿಲ್' (1966) ಚಿತ್ರದ ಮೊದಲಲ್ಲೇ ಮೂರನೇ ಮಹಡಿಯಿಂದ ಬೀಳುವವಳು ಒಬ್ಬ ಹುಡುಗಿ. ಆಕೆಗೇನಾಯಿತು ಎಂದು ಹುಡುಕಿ ಹೊರಡುವುದಕ್ಕೆ ತಂಗಿಯೇ ಬರಬೇಕಾಯಿತು. ಕನ್ನಡದಲ್ಲಿ 2016ರ 'ಯು ಟರ್ನ್'ನಲ್ಲಿ ಪ್ರಶ್ನೆ ಕೇಳುತ್ತ ಓಡಾಡುವವಳು ಒಬ್ಬ ಪತ್ರಕರ್ತೆ ಎಂಬುದು ನನಗೆ ಸಮಾಧಾನ ಕೊಟ್ಟಿತು.

ಬಹಳ ವರ್ಷಗಳ ಮೇಲೆ, ಮನೆಗೆ ಸಿಡಿ ಬಂದ ಕಾಲಕ್ಕೆ, ಅವ್ವನನ್ನು ಕೂರಿಸಿ 'ವೋ ಕೌನ್ ಥೀ'ಯನ್ನು ಮೊದಲಿನಿಂದ ತೋರಿಸಿದೆ. ಅಪ್ಪ ಇರಲಿಲ್ಲ, ಉರ್ದು ಹೆಸರು ಓದುವವರಿಲ್ಲದೆ ಹಾಗೇ ಸರಿದುಹೋಯಿತು. ಮಳೆ, ಕಾರು, ಬಿಳಿ ಸೀರೆ ಎಲ್ಲವನ್ನೂ ಅವ್ವ ಕಣ್ಣು ಕದಲಿಸದೆ ನೋಡಿದಳು. ಆಮೇಲೆ, "ಅವತ್ತ ಇದನ್ನ ನೋಡಿದ್ರ ನಾನೂ ಪಾಪ ಆಕೀ ಮ್ಯಾಲ ಸಂಶೇ ಪಡ್ತಿದ್ದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ನೀ ಏನೂ ಆಗಿಲ್ಲ ಅಂದಿದ್ದಿ" ಎಂದಳು. ಅಷ್ಟು ವರ್ಷ ಅದನ್ನು ನೆನಪಿಟ್ಟಿದ್ದಳು!

ಈಗ ಅವ್ವನೂ ಇಲ್ಲ. ಫೋನಿನಲ್ಲಿ ಸಿನಿಮಾ ನೋಡುವ ನನ್ನ ಮಗಳು ಹೆಸರು ಬೀಳತೊಡಗಿದರೆ ಗುಂಡಿಯೊತ್ತಿ ದಾಟಿಸಿಬಿಡುತ್ತಾಳೆ. ನಾನು ಜೊತೆಗಿದ್ದರೆ ದಾಟಿಸಗೊಡುವುದಿಲ್ಲ. "ಇರಲಿ ಬಿಡವಾ, ಅಡಿಗಿ ಮನ್ಯಾಗ ಇನ್ನೂ ಯಾರರೆ ಇದ್ದಾರು" ಎನ್ನುತ್ತೇನೆ.