ಕಾರಿನಲ್ಲಿ ಸುಟ್ಟ ವಾಸನೆ

ಕಾರಿನ ಯಾವುದಾದರೂ ಭಾಗವು ತನ್ನ ಸಹಜ ಉಷ್ಣತೆಯ ಮಿತಿಯನ್ನು ಮೀರಿ ಕಾದಾಗ, ಅಥವಾ ಸಹಜವಾಗಿಯೇ ಬಿಸಿಯಾಗಿರುವ ಭಾಗದ ಮೇಲೆ ಎಣ್ಣೆ, ಪ್ಲಾಸ್ಟಿಕ್, ಒಣಹುಲ್ಲಿನಂತಹ ವಸ್ತು ಬಿದ್ದು ಕರಕಲಾದಾಗ ಸುಟ್ಟ ವಾಸನೆ ಹೊರಡುತ್ತದೆ. ಇದು ಸ್ವತಃ ದೋಷವಲ್ಲ, ದೋಷದ ಲಕ್ಷಣ. ಬ್ರೇಕ್, ಕ್ಲಚ್, ಎಂಜಿನ್ ಎಣ್ಣೆಯ ಸೋರಿಕೆ ಮತ್ತು ವಿದ್ಯುತ್ ತಂತಿಗಳು ಇದರ ಸಾಮಾನ್ಯ ಮೂಲಗಳು. ಎಂಜಿನ್ನಿನ ತಾಪ, ಎಣ್ಣೆಯ ಒತ್ತಡ, ಬ್ಯಾಟರಿಯ ಸ್ಥಿತಿ ಮುಂತಾದವುಗಳಿಗೆ ಚಾಲಕನ ಮುಂದೆ ಎಚ್ಚರಿಕೆಯ ದೀಪಗಳಿವೆ. ಆದರೆ ಬಿಗಿಹಿಡಿದ ಬ್ರೇಕಿಗಾಗಲಿ, ಕರಗುತ್ತಿರುವ ತಂತಿಯ ಹೊದಿಕೆಗಾಗಲಿ ಸಾಮಾನ್ಯ ಕಾರುಗಳಲ್ಲಿ ಪ್ರತ್ಯೇಕ ದೀಪವಿಲ್ಲ. ಇಂತಹ ಸಂದರ್ಭಗಳಲ್ಲಿ ಹೊಗೆ ಕಾಣುವುದಕ್ಕೆ ಮೊದಲು ದೊರೆಯುವ ಮುನ್ಸೂಚನೆ ಬಹುಮಟ್ಟಿಗೆ ವಾಸನೆಯೊಂದೇ.

ಪತ್ತೆಹಚ್ಚುವ ಕ್ರಮ

ವಾಸನೆಯ ಬಗೆಯನ್ನು ಹೆಸರಿಸಿ ಕಾರಣವನ್ನು ಗುರುತಿಸುವ ಪಟ್ಟಿಗಳು ಬಳಕೆಯಲ್ಲಿವೆಯಾದರೂ ಅವುಗಳನ್ನು ಪೂರ್ಣವಾಗಿ ನಂಬಲಾಗದು. ಬ್ರೇಕಿನ ಪ್ಯಾಡ್ ಮತ್ತು ಕ್ಲಚ್ ಫಲಕಗಳೆರಡರ ಘರ್ಷಣಾ ಪದಾರ್ಥಗಳಲ್ಲಿಯೂ ರಾಳವಿರುವುದರಿಂದ ಇವು ಕಾದಾಗ ಬರುವ ವಾಸನೆಗಳು ಒಂದನ್ನೊಂದು ಹೋಲುತ್ತವೆ. ಇದಲ್ಲದೆ ಮೂಗು ಯಾವುದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತದೆ. ಕಾರಿನೊಳಗೆ ಕುಳಿತವರು ವಾಸನೆ ಹೋಯಿತೆಂದು ಭಾವಿಸಿರುವಾಗ, ಆಗತಾನೇ ಹತ್ತಿದವರಿಗೆ ಅದು ಸ್ಪಷ್ಟವಾಗಿ ತಿಳಿಯುವುದುಂಟು. ಆದುದರಿಂದ ವಾಸನೆ ಎಂತಹದು ಎಂಬುದಕ್ಕಿಂತ ಯಾವಾಗ ಬಂತು, ಎಲ್ಲಿಂದ ಬಂತು, ಏನು ಮಾಡಿದಾಗ ಹೆಚ್ಚಾಯಿತು ಎಂಬ ಪ್ರಶ್ನೆಗಳೇ ಹೆಚ್ಚು ಉಪಯುಕ್ತ.

ಮೊದಲು ತಿಳಿಯಬೇಕಾದುದು ವಾಸನೆ ಆ ಕಾರಿನದೇ ಹೌದೇ ಎಂಬುದನ್ನು. ರಸ್ತೆಬದಿಯಲ್ಲಿ ಉರಿಯುವ ಕಸದ ಹೊಗೆ, ಮುಂದೆ ಹೋಗುತ್ತಿರುವ ಲಾರಿಯ ಕಾದ ಬ್ರೇಕಿನ ವಾಸನೆ ಇವೆಲ್ಲವೂ ಗಾಳಿಯೊಡನೆ ಒಳಬರುತ್ತವೆ. ಬಹುತೇಕ ಕಾರುಗಳಲ್ಲಿ ಹೊರಗಾಳಿಯನ್ನು ಒಳಗೆಳೆಯುವ ಕಿಂಡಿಯು ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದಂಚಿಗೆ ಸಮೀಪದಲ್ಲಿರುತ್ತದೆ. ಗಾಳಿಯನ್ನು ಒಳಗೇ ಮರುಚಲಿಸುವ ವ್ಯವಸ್ಥೆಗೆ ಬದಲಿಸಿದಾಗ ವಾಸನೆ ಕಡಿಮೆಯಾದರೆ ಅದರ ಮೂಲ ರಸ್ತೆಯಲ್ಲಿ ಅಥವಾ ಎಂಜಿನ್ ಕೋಣೆಯಲ್ಲಿದೆ ಎಂದು ಊಹಿಸಬಹುದು. ಹೆಚ್ಚಾದರೆ ಡ್ಯಾಶ್‌ಬೋರ್ಡಿನ ಒಳಗಿನ ತಂತಿ ಅಥವಾ ಬ್ಲೋವರ್ ಮೋಟಾರಿನ ಮೇಲೆ ಸಂಶಯ ಬೀಳುತ್ತದೆ. ಎಂಜಿನ್ ನಿಲ್ಲಿಸಿ ಕೀಲಿ ತೆಗೆದು ಬಹಳ ಹೊತ್ತಾದ ಮೇಲೂ ವಾಸನೆ ಹೆಚ್ಚುತ್ತಲೇ ಇದ್ದರೆ ಕಾರಣ ವಿದ್ಯುತ್ತಿಗೆ ಸಂಬಂಧಿಸಿದ್ದಿರುವ ಸಂಭವ ಹೆಚ್ಚು, ಏಕೆಂದರೆ ಉಳಿದ ಭಾಗಗಳು ಆ ವೇಳೆಗೆ ತಣಿಯುತ್ತಿರುತ್ತವೆ.

ಹೊಸ ಕಾರಿನಲ್ಲಿ ಮೊದಲ ಕೆಲವು ದಿನ ರಕ್ಷಣಾ ಲೇಪಗಳು ಕಾಯುವುದರಿಂದಲೂ, ಎಣ್ಣೆ ಬದಲಿಸಿದ ಬಳಿಕ ಚೆಲ್ಲಿದ ಹನಿಗಳು ಆವಿಯಾಗುವುದರಿಂದಲೂ ವಾಸನೆ ಬರುತ್ತದೆ. ಇವು ಕೆಲವು ಸಂಚಾರಗಳಲ್ಲಿ ತಾವಾಗಿಯೇ ನಿಲ್ಲಬೇಕು. ನಿಲ್ಲದಿದ್ದರೆ ಸೋರಿಕೆ ಇದೆ ಎಂದೇ ತಿಳಿಯಬೇಕು.

ಬ್ರೇಕ್

ಬ್ರೇಕ್ ಎಂದರೆ ವಾಹನದ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವ ಸಾಧನ. ಇಲ್ಲಿ ಉಂಟಾಗುವ ಶಾಖದ ಪ್ರಮಾಣ ಸಾಮಾನ್ಯ ಊಹೆಗಿಂತ ಹೆಚ್ಚಿನದು. 1200 ಕಿಲೋಗ್ರಾಂ ತೂಕದ ಕಾರೊಂದು 500 ಮೀಟರ್ ಎತ್ತರದಿಂದ ಕೆಳಗಿಳಿದಾಗ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 59 ಲಕ್ಷ ಜೂಲ್. 25 ಡಿಗ್ರಿ ಸೆಲ್ಸಿಯಸ್‌ನ ಸುಮಾರು 18 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಪಶ್ಚಿಮ ಘಟ್ಟದ ದಾರಿಗಳಲ್ಲಿ ಕೇವಲ ಬ್ರೇಕನ್ನೇ ಒತ್ತಿ ಇಳಿಯುವಾಗ ಈ ಶಾಖದ ಬಹುಭಾಗ ನಾಲ್ಕು ಚಕ್ರಗಳ ಡಿಸ್ಕ್ ಮತ್ತು ಡ್ರಮ್ಮುಗಳಲ್ಲಿ ಸೇರಬೇಕಾಗುತ್ತದೆ. ಘಾಟಿ ಹತ್ತಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು ಎಂಬ ಚಾಲಕರ ಹಳೆಯ ನಿಯಮಕ್ಕೆ ಇದೇ ಆಧಾರ. ಆಗ ಎಂಜಿನ್ನಿನ ಪ್ರತಿರೋಧವೇ ವೇಗವನ್ನು ಬಹಳಷ್ಟು ತಡೆಯುತ್ತದೆ.

ಇಳಿಜಾರಿನಲ್ಲಿ ಘಾಟು ವಾಸನೆ ಬಂದರೆ ಬ್ರೇಕ್ ತನ್ನ ಹಿಡಿತವನ್ನು ಕಳೆದುಕೊಳ್ಳುವ ಹಂತಕ್ಕೆ ಸಮೀಪಿಸುತ್ತಿರಬಹುದು. ಕಾದ ಪ್ಯಾಡಿನಿಂದ ಅನಿಲ ಹೊರಟು ಘರ್ಷಣೆ ತಗ್ಗುವುದು ಇದಕ್ಕೆ ಒಂದು ಕಾರಣ. ಬ್ರೇಕ್ ದ್ರವ ಕುದಿಯುವುದು ಇನ್ನೂ ಅಪಾಯಕರ. ಡಾಟ್-3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಹೀರಿದ ದ್ರವಕ್ಕೆ ನಿಗದಿಯಾಗಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್-4 ದರ್ಜೆಯಲ್ಲಿ ಈ ಮಿತಿಗಳು ಕ್ರಮವಾಗಿ 230 ಮತ್ತು 155 ಡಿಗ್ರಿ. ದ್ರವ ಕುದಿದು ಆವಿಯಾದರೆ ಪೆಡಲ್ ತಳದವರೆಗೆ ಇಳಿದುಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂದ ಕೂಡಲೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ತಾನಾಗಿಯೇ ತಣಿಯಲು ಬಿಡಬೇಕು. ಕಾದ ಡಿಸ್ಕಿಗೆ ನೀರು ಸುರಿಯುವ ಅಭ್ಯಾಸ ಹಲವೆಡೆ ಇದೆ. ಹಠಾತ್ತನೆ ತಣಿದ ಲೋಹ ಬಿರುಕು ಬಿಡಬಹುದು ಅಥವಾ ಸೊಟ್ಟಗಾಗಬಹುದು.

ಸಮತಟ್ಟಾದ ರಸ್ತೆಯಲ್ಲಿಯೂ ಇದೇ ವಾಸನೆ ಬಂದರೆ ಬ್ರೇಕ್ ಬಿಡದೆ ಹಿಡಿದಿದೆ ಎಂದರ್ಥ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸದೆ ಓಡಿಸುವುದು ಇದರ ಅತ್ಯಂತ ಸರಳ ಕಾರಣ. ಕ್ಯಾಲಿಪರಿನ ಜಾರುಸರಳುಗಳು ತುಕ್ಕು ಹಿಡಿಯುವುದು, ಪಿಸ್ಟನ್ ಸಿಕ್ಕಿಕೊಳ್ಳುವುದು, ಹ್ಯಾಂಡ್‌ಬ್ರೇಕಿನ ತಂತಿ ಹಿಂದೆ ಸರಿಯದಿರುವುದು ಇತರ ಕಾರಣಗಳು. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಅಂಗೈಯ ಹಿಂಭಾಗವನ್ನು ಪ್ರತಿ ಚಕ್ರದ ಸಮೀಪಕ್ಕೆ, ಮುಟ್ಟದಂತೆ, ಹಿಡಿದು ನೋಡಿದರೆ ದೋಷವಿರುವ ಚಕ್ರ ತಿಳಿಯುತ್ತದೆ. ಮುಂದಿನ ಎರಡು ಚಕ್ರಗಳು ಹಿಂದಿನವುಗಳಿಗಿಂತ ಬಿಸಿಯಾಗಿರುವುದು ಸಹಜ. ಒಂದೇ ಸಾಲಿನ ಎರಡು ಚಕ್ರಗಳ ನಡುವೆ ಬಹಳ ಅಂತರವಿರುವುದು ಸಹಜವಲ್ಲ. ಕಾರು ಒಂದು ಬದಿಗೆ ಎಳೆಯುವುದು, ಇಂಧನದ ಬಳಕೆ ಹೆಚ್ಚುವುದು ಪೂರಕ ಲಕ್ಷಣಗಳು.

ಕ್ಲಚ್

ಏರಿನಲ್ಲಿ, ದಟ್ಟಣೆಯಲ್ಲಿ ಅಥವಾ ಭಾರ ಎಳೆಯುವಾಗ ಬಂದು, ಸರಾಗವಾಗಿ ಓಡುವಾಗ ಮರೆಯಾಗುವ ವಾಸನೆ ಸಾಮಾನ್ಯವಾಗಿ ಕ್ಲಚ್ಚಿನದು. ಪೆಡಲನ್ನು ಅರ್ಧ ಒತ್ತಿ ಹಿಡಿದಾಗ ಫಲಕಗಳು ಒಂದರ ಮೇಲೊಂದು ಜಾರುತ್ತ ಕಾಯುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸುತ್ತುಗಳು ಏರಿ ವೇಗ ಮಾತ್ರ ಏರದಿದ್ದರೆ ಫಲಕ ಸವೆದಿದೆ. ಕ್ಲಚ್ ಪೆಡಲ್ ಇಲ್ಲದ ಸ್ವಯಂಚಾಲಿತ ಮ್ಯಾನುಯಲ್ ಗೇರುಪೆಟ್ಟಿಗೆಯ ಕಾರುಗಳಲ್ಲಿಯೂ ಒಣ ಕ್ಲಚ್ ಇದ್ದೇ ಇರುತ್ತದೆ. ಚಾಲಕನ ಬದಲು ಯಂತ್ರ ಅದನ್ನು ಒತ್ತುತ್ತದೆ ಅಷ್ಟೆ. ಇಂತಹ ಕಾರನ್ನು ಏರಿನಲ್ಲಿ ಬ್ರೇಕ್ ಹಾಕದೆ ಆಕ್ಸಿಲರೇಟರ್ ಬಲದಿಂದಲೇ ನಿಲ್ಲಿಸಿಕೊಳ್ಳುವವರು ತಮಗರಿವಿಲ್ಲದೆ ಕ್ಲಚ್ಚನ್ನು ಸುಡುತ್ತಿರುತ್ತಾರೆ.

ಎಣ್ಣೆ, ಕೂಲಂಟ್ ಮತ್ತು ಬೆಲ್ಟ್

ಎಂಜಿನ್ನಿನ ಮೇಲ್ಭಾಗದ ವಾಲ್ವ್ ಮುಚ್ಚಳದ ಗ್ಯಾಸ್ಕೆಟ್ ಹಳತಾಗಿ ಗಡುಸಾದಾಗ ಎಣ್ಣೆ ಜಿನುಗಿ, ಹಲವು ಎಂಜಿನ್ನುಗಳಲ್ಲಿ ನೇರವಾಗಿ ಕಾದ ಹೊಗೆಕೊಳವೆಯ ಮೇಲೆ ಹನಿಯುತ್ತದೆ. ಕಾರು ಓಡುವಾಗ ಗಾಳಿ ಆ ಹೊಗೆಯನ್ನು ಹಿಂದಕ್ಕೆ ಒಯ್ಯುವುದರಿಂದ, ಸಿಗ್ನಲ್ಲಿನಲ್ಲಿ ನಿಂತಾಗ ಅಥವಾ ಮನೆಯ ಮುಂದೆ ನಿಲ್ಲಿಸಿದಾಗಲೇ ವಾಸನೆ ತಿಳಿಯುತ್ತದೆ. ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡುವುದು, ಎಂಜಿನ್ ತಣಿದ ಮೇಲೆ ಹೊಗೆಕೊಳವೆಯ ಸುತ್ತ ಕಂದು ಕಲೆಗಳನ್ನು ಹುಡುಕುವುದು, ರಾತ್ರಿ ಕಾರಿನ ಅಡಿಯಲ್ಲಿ ರಟ್ಟು ಹಾಸಿಟ್ಟು ಬೆಳಿಗ್ಗೆ ಹನಿಗಳನ್ನು ಪರೀಕ್ಷಿಸುವುದು ಪತ್ತೆಯ ದಾರಿಗಳು.

ಸಿಹಿ ಬೆರೆತ ವಾಸನೆ ಕೂಲಂಟ್ ಸೋರಿಕೆಯ ಸೂಚನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಇದಕ್ಕೆ ಕಾರಣ. ಆಗ ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಬಾರದು. ರಬ್ಬರ್ ಸುಟ್ಟ ವಾಸನೆಯ ಜೊತೆಗೆ ಕೀಚು ಶಬ್ದವಿದ್ದರೆ ಆಲ್ಟರ್ನೇಟರ್ ಅಥವಾ ಎ.ಸಿ. ಕಂಪ್ರೆಸರಿನ ಬೆಲ್ಟ್ ಜಾರುತ್ತಿರುವ ಸಂಭವವಿದೆ.

ವಿದ್ಯುತ್ ತಂತಿಗಳು

ಎಲ್ಲ ಕಾರಣಗಳ ಪೈಕಿ ಅತಿ ಬೇಗ ಬೆಂಕಿಗೆ ತಿರುಗಬಲ್ಲವುಗಳಲ್ಲಿ ಇದು ಒಂದು. ತಂತಿಯ ಹೊದಿಕೆ ಸಾಮಾನ್ಯವಾಗಿ ಪಿವಿಸಿ. ಅದು ಕಾದಾಗ ಹೈಡ್ರೋಜನ್ ಕ್ಲೋರೈಡ್ ಹೊರಬಿದ್ದು ಕಣ್ಣು, ಗಂಟಲುಗಳಲ್ಲಿ ಉರಿಯುಂಟಾಗುತ್ತದೆ. 12 ವೋಲ್ಟಿನ ವ್ಯವಸ್ಥೆಯಿಂದ ಮನುಷ್ಯನಿಗೆ ಆಘಾತವಾಗದು ಎಂಬ ಕಾರಣಕ್ಕೆ ಅದನ್ನು ನಿರಪಾಯಕರವೆಂದು ಭಾವಿಸುವುದು ತಪ್ಪು. ತಂತಿಯಲ್ಲಿ ಹುಟ್ಟುವ ಶಾಖ ವೋಲ್ಟೇಜನ್ನಲ್ಲ, ವಿದ್ಯುತ್ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಸಡಿಲವಾದ ಕನೆಕ್ಟರಿನಲ್ಲಿ 0.1 ಓಮ್‌ನಷ್ಟು ರೋಧವಿದ್ದು 10 ಆಂಪಿಯರ್ ಹರಿದರೆ ಆ ಬೆರಳ ತುದಿಯಷ್ಟು ಜಾಗದಲ್ಲಿ 10 ವ್ಯಾಟ್ ಶಾಖ ಸತತವಾಗಿ ಉತ್ಪತ್ತಿಯಾಗುತ್ತದೆ. ಫ್ಯೂಸ್ ಇದನ್ನು ಗುರುತಿಸಲಾರದು, ಏಕೆಂದರೆ ಪ್ರವಾಹ ಮಿತಿ ಮೀರಿರುವುದಿಲ್ಲ.

ಹೊರಗಿನ ಅಂಗಡಿಗಳಲ್ಲಿ ಜೋಡಿಸುವ ಹೆಚ್ಚುವರಿ ಸಾಧನಗಳು ಈ ಬಗೆಯ ದೋಷಗಳ ಪರಿಚಿತ ಮೂಲ. ಉದಾಹರಣೆಗೆ, ಅನೇಕ ಕಾರುಗಳ ಎಚ್4 ಹ್ಯಾಲೊಜೆನ್ ಹೆಡ್‌ಲೈಟ್ ಬಲ್ಬು 60/55 ವ್ಯಾಟಿನದು. ಅದರ ಜಾಗದಲ್ಲಿ 100/90 ವ್ಯಾಟಿನ ಬಲ್ಬನ್ನು ಹಳೆಯ ತಂತಿಗೇ ಜೋಡಿಸಿದರೆ ಪ್ರವಾಹ ಸುಮಾರು 5ರಿಂದ 8.3 ಆಂಪಿಯರಿಗೆ ಏರುತ್ತದೆ, ತಂತಿ ಮತ್ತು ಹೋಲ್ಡರಿನ ಶಾಖ ಮೂರು ಪಟ್ಟಿಗೆ ಹತ್ತಿರವಾಗುತ್ತದೆ. ರಿಲೇ ಇಲ್ಲದೆ ಜೋಡಿಸಿದ ಹಾರನ್ ಮತ್ತು ಫಾಗ್ ಲೈಟ್, ಹೊದಿಕೆ ಸೀಳಿ ಟೇಪು ಸುತ್ತಿದ ತಂತಿಗಳ ವಿಷಯವೂ ಇದೇ. ಇಲಿಗಳು ಕಡಿದ ತಂತಿ ಮತ್ತೊಂದು ಕಾರಣ. ಬಾನೆಟ್ಟಿನೊಳಗೆ ಹಿಕ್ಕೆ, ಚಿಂದಿ, ಧಾನ್ಯದ ಸಿಪ್ಪೆ ಕಂಡರೆ ತಂತಿಗಳನ್ನು ಪರೀಕ್ಷಿಸಬೇಕು.

ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ. ಪದೇ ಪದೇ ಹಾರುವ ಫ್ಯೂಸಿನ ಬದಲು ಹೆಚ್ಚಿನ ಆಂಪಿಯರಿನದನ್ನು ಅಥವಾ ತಾಮ್ರದ ಎಳೆಯನ್ನು ಹಾಕಿದರೆ ಮುಂದೆ ಕರಗುವುದು ತಂತಿಯೇ. ಒಂದೊಂದೇ ಸಾಧನವನ್ನು ಆರಿಸಿ, ಯಾವುದನ್ನು ನಿಲ್ಲಿಸಿದಾಗ ವಾಸನೆ ತಗ್ಗುತ್ತದೆ ಎಂದು ನೋಡುವುದು ಪತ್ತೆಯ ವಿಧಾನ. ಬ್ಲೋವರ್ ಕೆಲವು ವೇಗಗಳಲ್ಲಿ ಮಾತ್ರ ಕೆಲಸ ಮಾಡುತ್ತಿದ್ದರೆ ಅದರ ರೆಸಿಸ್ಟರ್ ಅಥವಾ ಕನೆಕ್ಟರ್ ಸುಟ್ಟಿರಬಹುದು. ಹೊಗೆ ಕಂಡರೆ ಪರೀಕ್ಷೆಯನ್ನು ಮುಂದುವರಿಸಬಾರದು. ಸುರಕ್ಷಿತವಾಗಿ ಸಾಧ್ಯವಾದರೆ ಬ್ಯಾಟರಿಯ ಋಣಧ್ರುವದ ತಂತಿಯನ್ನು ಕಳಚಬೇಕು.

ಕೊಳೆತ ಮೊಟ್ಟೆಯ ವಾಸನೆ ಬೇರೆಯದೇ ವರ್ಗಕ್ಕೆ ಸೇರುತ್ತದೆ. ಅತಿಯಾಗಿ ಚಾರ್ಜ್ ಆಗುತ್ತಿರುವ ಸೀಸ-ಆಮ್ಲ ಬ್ಯಾಟರಿಯಿಂದ ಅಥವಾ ದೋಷಯುಕ್ತ ದಹನದಿಂದ ಕಾದ ವೇಗವರ್ಧಕ ಪರಿವರ್ತಕದಿಂದ ಇದು ಬರುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್-6 ಮಾನದಂಡದಲ್ಲಿ ಇಂಧನದ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದಿದೆ. ಹೀಗಾಗಿ ಇಂಧನದಲ್ಲಿನ ಗಂಧಕದಿಂದ ಇಂತಹ ವಾಸನೆ ಹುಟ್ಟುವ ಆಸ್ಪದ ತಗ್ಗಿದೆ.

ಹೊರಗಿನಿಂದ ಅಂಟಿಕೊಳ್ಳುವ ವಸ್ತುಗಳು

ಹೊಗೆಕೊಳವೆಗೆ ಅಂಟಿದ ಪ್ಲಾಸ್ಟಿಕ್ ಚೀಲ ವಿಪರೀತ ವಾಸನೆ ಬೀರಿದರೂ ಅಷ್ಟೇನೂ ಅಪಾಯಕರವಲ್ಲ. ಸರ್ವಿಸ್ ವೇಳೆ ಮರೆತು ಎಂಜಿನ್ ಕೋಣೆಯಲ್ಲಿ ಬಿಟ್ಟ ಒರೆಸುಬಟ್ಟೆ ಅಪಾಯಕರ. ಕರ್ನಾಟಕದ ಒಳನಾಡಿನಲ್ಲಿ ಇವೆರಡಕ್ಕಿಂತ ಗಂಭೀರವಾದುದು ಒಕ್ಕಣೆಯ ಹುಲ್ಲು. ಕಣಗಳು ವಿರಳವಾದ ಮೇಲೆ ಹುರುಳಿ, ರಾಗಿ ಮುಂತಾದ ಬೆಳೆಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡಾಡುವ ವಾಹನಗಳ ಚಕ್ರಗಳಿಂದಲೇ ಕಾಳು ಬಿಡಿಸುವ ರೂಢಿ ಬೆಳೆದಿದೆ. ಹುರುಳಿಯ ಒಣಬಳ್ಳಿ ಉದ್ದವಾಗಿದ್ದು, ಬಾಗುವ ಗುಣವುಳ್ಳದ್ದು. ಅದು ತಿರುಗುವ ಆಕ್ಸಲ್ ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡು ಘರ್ಷಣೆಯಿಂದ ಕಾಯುತ್ತದೆ, ಅಥವಾ ಕಾದ ಹೊಗೆಕೊಳವೆಯ ಬಳಿ ಸಿಕ್ಕಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಪ್ರಸಂಗಗಳು ರಾಜ್ಯದಲ್ಲಿ ನಡೆದಿವೆ. ಹರಡಿದ ಬೆಳೆಯ ಮೇಲೆ ಅನಿವಾರ್ಯವಾಗಿ ಓಡಿಸಿದ ಬಳಿಕ ಹುಲ್ಲು ಸುಟ್ಟ ವಾಸನೆ ಬಂದರೆ, ಉಳಿದ ಹುಲ್ಲಿನಿಂದ ದೂರಕ್ಕೆ ಸಾಗಿ, ಕೂಡಲೇ ಎಂಜಿನ್ ನಿಲ್ಲಿಸಿ ಎಲ್ಲರೂ ಇಳಿದು ಕಾರಿನ ಅಡಿಭಾಗವನ್ನು ನೋಡಬೇಕು. ಇದೇ ಕಾರಣಕ್ಕೆ ಒಣಹುಲ್ಲಿನ ಬಯಲಿನಲ್ಲಿ ಬಿಸಿ ಕಾರನ್ನು ನಿಲ್ಲಿಸುವುದೂ ಅಪಾಯ. ಕಣಶೋಧಕವಿರುವ ಡೀಸೆಲ್ ಕಾರುಗಳಲ್ಲಿ ಸಂಗ್ರಹವಾದ ಮಸಿಯನ್ನು ಸುಡುವ ಹಂತದಲ್ಲಿ ಶೋಧಕದ ಉಷ್ಣತೆ 600 ಡಿಗ್ರಿಯ ಸಮೀಪಕ್ಕೆ ಏರುತ್ತದೆ; ಆಗ ಬರುವ ಬಿಸಿ ಲೋಹದ ವಾಸನೆ ದೋಷದ್ದಲ್ಲ.

ಕಾರಿನೊಳಗೆ ಹೊಗೆಕೊಳವೆಯ ಅನಿಲದ ವಾಸನೆ ಬರುವುದು ಎಂದಿಗೂ ಸಹಜವಲ್ಲ. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲವಾದುದರಿಂದ ಕಿಟಕಿಗಳನ್ನು ತೆರೆದು, ಕಾರನ್ನು ನಿಲ್ಲಿಸಿ, ಎಲ್ಲರೂ ಹೊರಗೆ ಬರಬೇಕು.

ವಿದ್ಯುಚ್ಚಾಲಿತ ಕಾರುಗಳು

ಇವುಗಳಲ್ಲಿ ಎಂಜಿನ್ ಎಣ್ಣೆ ಮತ್ತು ಹೊಗೆಕೊಳವೆ ಇಲ್ಲದಿರುವುದರಿಂದ ಶಂಕಿಸಬೇಕಾದ ಮೂಲಗಳು ಕಡಿಮೆ. ಆದರೆ ಲಿಥಿಯಂ-ಅಯಾನ್ ಬ್ಯಾಟರಿಯ ಕೋಶವೊಂದು ಹತೋಟಿ ಮೀರಿ ಕಾಯತೊಡಗಿದರೆ ಅದರ ದ್ರಾವಕದ ಆವಿಯು ಸಿಹಿಯಾದ, ಬಣ್ಣದ ಥಿನ್ನರನ್ನು ನೆನಪಿಸುವ ವಾಸನೆ ಬೀರಬಹುದು. ಇದರೊಡನೆ ಸಿಡಿಯುವ ಅಥವಾ ಬುಸುಗುಡುವ ಶಬ್ದ ಕೇಳಿದರೆ ಹುಡುಕಾಟಕ್ಕೆ ಅವಕಾಶವಿಲ್ಲ. ಕೂಡಲೇ ದೂರ ಸರಿಯಬೇಕು. ಭಾರತದಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗುಲಿದ ಘಟನೆಗಳ ಬಳಿಕ 2022ರಲ್ಲಿ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮತ್ತು ಎಐಎಸ್-038 ಮಾನದಂಡಗಳನ್ನು ಬಿಗಿಗೊಳಿಸಲಾಯಿತು.

ಬೆಂಕಿಯ ಸೂಚನೆ ಕಂಡಾಗ

ಹೊಗೆ ಕಂಡರೆ ರಸ್ತೆಯ ಅಂಚಿಗೆ ಬಂದು ನಿಂತು, ಎಂಜಿನ್ ನಿಲ್ಲಿಸಿ ಎಲ್ಲರೂ ಇಳಿಯಬೇಕು. ಕಾರು ಚಲಿಸುತ್ತಿರುವಾಗಲೇ ಕೀಲಿ ತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳಬಹುದು. ಬಾನೆಟ್ಟಿನ ಸಂದುಗಳಿಂದ ಹೊಗೆ ಬರುತ್ತಿರುವಾಗ ಅದನ್ನು ಪೂರ್ತಿ ಎತ್ತಬಾರದು. ಒಳಗೆ ಕನಲುತ್ತಿರುವ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕಿ ಜ್ವಾಲೆ ಮುಖಕ್ಕೆ ನುಗ್ಗುತ್ತದೆ. ಒಣ ಪುಡಿಯ ನಂದಕವಿದ್ದು, ಬೆಂಕಿ ಇನ್ನೂ ಚಿಕ್ಕದಾಗಿದ್ದರೆ, ಬಾನೆಟ್ಟನ್ನು ಬೀಗದ ಮೊದಲ ಹಂತದವರೆಗೆ ಮಾತ್ರ ಸಡಿಲಿಸಿ ಆ ಸಂದಿನಿಂದ ಪುಡಿಯನ್ನು ಹಾಯಿಸಬಹುದು. ಬಿಟ್ಟುಬಂದ ಸಾಮಾನಿಗಾಗಿ ಮರಳಿ ಒಳಗೆ ಹೋಗಬಾರದು. ಭಾರತದ ಏಕೀಕೃತ ತುರ್ತು ಕರೆಯ ಸಂಖ್ಯೆ 112. ಅಗ್ನಿಶಾಮಕ ದಳದ ಸಂಖ್ಯೆ 101. ಕರೆ ಮಾಡುವಾಗ ಕಾರು ಪೆಟ್ರೋಲ್, ಡೀಸೆಲ್, ಅನಿಲ, ವಿದ್ಯುತ್ ಇವುಗಳಲ್ಲಿ ಯಾವುದರಿಂದ ಓಡುವುದೆಂದು ತಿಳಿಸಬೇಕು, ಏಕೆಂದರೆ ವಿದ್ಯುಚ್ಚಾಲಿತ ಕಾರಿನ ಬ್ಯಾಟರಿಯನ್ನು ತಣಿಸಲು ಬಹಳ ನೀರು ಬೇಕಾಗುತ್ತದೆ ಮತ್ತು ನಂದಿದ ಬ್ಯಾಟರಿಯು ಗಂಟೆಗಳ ಬಳಿಕವೂ ಮರಳಿ ಹೊತ್ತಿಕೊಳ್ಳಬಹುದು.