ಐಫೆಲ್ ಕಾಡಿನ ಸುಂಕದ ರಸ್ತೆ

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಐಫೆಲ್ ಬೆಟ್ಟಸೀಮೆಯಲ್ಲಿ ಬಡತನ ಕಿತ್ತು ತಿನ್ನುತ್ತಿತ್ತು. ಮಣ್ಣು ತೆಳು, ಚಳಿಗಾಲ ಉದ್ದ, ಹೇಳಿಕೊಳ್ಳುವಂಥ ಕಾರ್ಖಾನೆಯಿಲ್ಲ. ಅಲ್ಲಿನ ಆಡೆನಾವ್ ಜಿಲ್ಲೆಯ ಆಡಳಿತಾಧಿಕಾರಿ ಒಟ್ಟೋ ಕ್ರೊಯ್ಟ್ಸ್. ನಮ್ಮ ಲೆಕ್ಕದಲ್ಲಿ ಕಲೆಕ್ಟರ್ ಅನ್ನಬಹುದು. ಕೆಲಸವಿಲ್ಲದ ಗಂಡಸರಿಗೆ ಕೂಲಿ ಹುಟ್ಟಿಸಬೇಕು, ಊರಿಗೆ ಜನ ಬರುವಂತೆಯೂ ಮಾಡಬೇಕು ಎಂದು ಯೋಚಿಸಿದ ಆತ ನ್ಯೂರ್‌ಬರ್ಗ್ ಕೋಟೆಯ ಸುತ್ತ ಕಾಡಿನ ನಡುವೆ ಒಂದು ಮೋಟಾರು ರಸ್ತೆ ಕಡಿಯಲು ಹೊರಟ. 1922ರಿಂದ ಆ ಸೀಮೆಯಲ್ಲಿ ರೇಸುಗಳು ನಡೆಯುತ್ತಿದ್ದವು, ಆದರೆ ಸಾರ್ವಜನಿಕ ರಸ್ತೆಗಳಲ್ಲಿ. ರೇಸಿಗೇ ಮೀಸಲಾದ ದಾರಿ ಬೇಕಿತ್ತು.

1925ರ ಸೆಪ್ಟೆಂಬರ್ 27ರಂದು ಅಡಿಗಲ್ಲು ಬಿತ್ತು. ಸಾವಿರಾರು ಜನ ಗುದ್ದಲಿ, ಸಲಿಕೆ ಹಿಡಿದರು. ಎರಡು ವರ್ಷ ತುಂಬುವ ಮೊದಲೇ, 1927ರ ಜೂನ್ 18ರಂದು, ನ್ಯೂರ್‌ಬರ್ಗ್‌ರಿಂಗ್ ಎಂಬ ಹೆಸರಿನ ಆ ರಸ್ತೆ ತೆರೆಯಿತು. ಉತ್ತರದ್ದೊಂದು, ದಕ್ಷಿಣದ್ದೊಂದು ಎಂದು ಎರಡು ಸುತ್ತು, ಒಟ್ಟು 28 ಕಿಲೋಮೀಟರಿಗೂ ಹೆಚ್ಚು. ಮೊದಲ ದಿನ ಬೈಕುಗಳ ಸರದಿ. ಮರುದಿನ ಕಾರುಗಳ ರೇಸನ್ನು ಮರ್ಸಿಡಿಸ್‌ನಲ್ಲಿ ರುಡೋಲ್ಫ್ ಕಾರಾಚ್ಚಿಯೋಲಾ ಗೆದ್ದ.

ನ್ಯೂರ್‌ಬರ್ಗ್‌ರಿಂಗ್‌ನ ಚರಿತ್ರೆ ಬರೆಯುವವರು ಇಲ್ಲಿಂದ ನೇರ 1957ಕ್ಕೆ, ಮಸೆರಾಟಿಯಲ್ಲಿ ಫೆರಾರಿಗಳನ್ನು ಬೆನ್ನಟ್ಟಿ ಹಿಡಿದ ರೇಸ್ ಚಾಲಕ ಫಾಂಜಿಯೋನ ಕಥೆಗೆ ಹೋಗುತ್ತಾರೆ. ನನಗೆ ಅದಕ್ಕಿಂತ ಹತ್ತಿರವಾದ ಸಂಗತಿ ಬೇರೆ. ರೇಸಿಲ್ಲದ ಸಂಜೆಗಳಲ್ಲಿ, ಭಾನುವಾರಗಳಲ್ಲಿ, ಸುಂಕ ಕಟ್ಟಿದ ಯಾರು ಬೇಕಾದರೂ ತಮ್ಮದೇ ಗಾಡಿಯನ್ನು ಅದೇ ರಸ್ತೆಗೆ ಇಳಿಸಬಹುದಿತ್ತು. ಏಕಮುಖ ಸಂಚಾರದ ಸುಂಕದ ರಸ್ತೆ, ಅಷ್ಟೇ. ಆ ಪದ್ಧತಿ ಇವತ್ತಿಗೂ ಇದೆ. ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಅಲ್ಲಿ ದೇಶದ ಸಂಚಾರ ನಿಯಮಗಳೇ ಅನ್ವಯ, ಎಡಗಡೆಯಿಂದ ಮಾತ್ರ ಓವರ್‌ಟೇಕ್. ಕಾರಾಚ್ಚಿಯೋಲಾ ಗೆದ್ದ ರಸ್ತೆಯ ಮೇಲೆ ಬೇಕರಿಯವನಿಗೂ ಡಾಕ್ಟರಿಗೂ ಹಕ್ಕಿದೆ ಎಂದು ಮೊದಲ ವರ್ಷವೇ ಒಪ್ಪಿಕೊಂಡ ಆ ನಿರ್ಧಾರವನ್ನು ನಾನು ಆ ರಸ್ತೆಯ ಅತ್ಯಂತ ದೊಡ್ಡ ಸಾಧನೆ ಎಂದು ನಂಬುತ್ತೇನೆ.

ನಾನು ಪುತ್ತೂರಿನವಳು. ಕಾರು ಕಲಿತದ್ದು ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ, ಚಾರ್ಮಾಡಿ ಘಾಟಿಯಲ್ಲಿ. ಈಗ ಕೊಬ್ಲೆನ್ಸ್ ಹತ್ತಿರ ಬ್ರೇಕುಗಳ ಪರೀಕ್ಷೆಯ ಕೆಲಸ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಈ ಕಾಡು. ತಿರುವುಗಳು ನನಗೆ ಹೊಸವಲ್ಲ. ಆದರೂ ಉತ್ತರದ ಸುತ್ತು, ಅಂದರೆ ನೋರ್ಡ್‌ಶ್ಲೈಫೆ, ಘಾಟಿಯಲ್ಲಿ ಕಲಿತ ಕೈಗೆ ಸುಲಭಕ್ಕೆ ಒಗ್ಗುವಂಥದ್ದಲ್ಲ. ಈಗಿನ ಉದ್ದ 20.8 ಕಿಲೋಮೀಟರ್. 70ಕ್ಕೂ ಹೆಚ್ಚು ತಿರುವುಗಳು. ಅತಿ ತಗ್ಗಿನ ಬ್ರೈಡ್‌ಶೈಡ್‌ಗೂ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ. ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ಮಳೆ ಇರುವುದುಂಟು. ಏರು ಹತ್ತಿದ ಮೇಲೆ ರಸ್ತೆ ಎಡಕ್ಕೋ ಬಲಕ್ಕೋ ಎಂಬುದು ನೆತ್ತಿ ದಾಟುವವರೆಗೆ ಕಾಣದ ಜಾಗಗಳು ಎಷ್ಟೋ.

ಸುತ್ತು ಇಷ್ಟು ಉದ್ದವಾದ್ದರಿಂದಲೇ ಇಲ್ಲಿ ಕಲಿಸುವ ವಿದ್ಯೆಯೂ ಬೇರೆ ಹಾದಿ ಹಿಡಿಯಿತು. ಮೂರು–ನಾಲ್ಕು ಕಿಲೋಮೀಟರಿನ ಟ್ರ್ಯಾಕಿನಲ್ಲಿ ಒಂದು ತಿರುವಲ್ಲಿ ಎಡವಿದರೆ ಎರಡು ನಿಮಿಷದಲ್ಲಿ ಅದೇ ತಿರುವು ಮತ್ತೆ ಸಿಗುತ್ತದೆ. ಇಲ್ಲಿ ಮತ್ತೆ ಅಲ್ಲಿಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದು, ನಡುವೆ ಬಂದ ಅಷ್ಟೂ ತಿರುವುಗಳು ಮೊದಲಿನದ್ದನ್ನು ಅಳಿಸಿಹಾಕಿರುತ್ತವೆ. ಅದಕ್ಕೇ ಇಲ್ಲಿ ಚಾಲನೆ ಕಲಿಸುವ ಶಾಲೆಯವರು ರಸ್ತೆಯನ್ನು ತುಂಡು ತುಂಡಾಗಿ ಕಲಿಸುತ್ತಾರೆ. ಸಂಗೀತದ ಮೇಷ್ಟ್ರು ಪಲ್ಲವಿಯ ಒಂದೊಂದು ಸಂಗತಿಯೂ ಕಂಠಕ್ಕೆ ಕೂರುವ ತನಕ ಮುಂದಕ್ಕೆ ಬಿಡುವುದಿಲ್ಲವಲ್ಲ, ಅದೇ ಶಿಸ್ತು.

ಪಾಠದ ದಿನ ರಸ್ತೆ ಬೇರೆಯವರಿಗೆ ಮುಚ್ಚಿರುತ್ತದೆ. ಮುಂದೆ ಬೋಧಕರ ಕಾರು, ಹಿಂದೆ ಸಾಲಾಗಿ ನಮ್ಮ ನಮ್ಮ ಕಾರುಗಳು, ಎಲ್ಲರಲ್ಲೂ ವಾಕಿಟಾಕಿ. ಒಂದು ತುಂಡನ್ನು ಓಡಿಸಿ, ಕೊನೆಯಲ್ಲಿ ತಿರುಗಿಸಿಕೊಂಡು, ನಿಧಾನವಾಗಿ ವಾಪಸು ಬಂದು ಮತ್ತೆ ಅದೇ ತುಂಡು. ಪ್ರತಿ ಸಲವೂ ಸಾಲು ಬದಲಾಗುತ್ತದೆ. ಬೋಧಕರ ಬೆನ್ನಿಗೇ ಇರುವ ಜಾಗ ಸರದಿಯ ಮೇಲೆ ಎಲ್ಲರಿಗೂ ಸಿಗಬೇಕು, ಏಕೆಂದರೆ ಸಾಲಿನಲ್ಲಿ ಹಿಂದೆ ಹೋದಷ್ಟೂ ಬೋಧಕರು ಹಿಡಿದ ಜಾಡು ಮುಂದಿನವರ ತಪ್ಪುಗಳಿಂದ ಕಲಸಿಹೋಗುತ್ತದೆ. ಕೆಲವು ಕಡೆ ಇಳಿಸಿ ನಡೆಸುತ್ತಾರೆ. ಫುಕ್ಸ್‌ರೋರೆ ಎಂಬ ಇಳಿಜಾರಿನಲ್ಲಿ ನಡೆದಾಗಲೇ ನನಗೆ ಅದರ ಕಡಿದಾದ ಸ್ವರೂಪ ಅರಿವಾದದ್ದು. ಗಾಜಿನೊಳಗಿಂದ ನೋಡಿದರೆ ಅದು ಸುಮ್ಮನೆ ಒಂದು ತಗ್ಗು. ಮೊಣಕಾಲಿಗೆ ಅದರ ನಿಜ ಗೊತ್ತಾಗುತ್ತದೆ.

ಕರುಸೆಲ್ ತಿರುವಿನಲ್ಲಿ ಇತಿಹಾಸವೇ ಪಾಠ. ಅದರ ಒಳಅಂಚಿನಲ್ಲಿ ನೀರು ಹರಿಯಲು ಒಂದು ಚರಂಡಿಯಿತ್ತು. ಕಾರಾಚ್ಚಿಯೋಲಾ ಒಳಗಿನ ಚಕ್ರಗಳನ್ನು ಆ ಚರಂಡಿಗೆ ಇಳಿಸಿ, ಅದರ ಓರೆಯನ್ನೇ ಆಸರೆ ಮಾಡಿಕೊಂಡು ವೇಗವಾಗಿ ತಿರುಗಿದ ಎನ್ನುತ್ತಾರೆ. ಮುಂದೆ ಅದಕ್ಕೆ ಕಾಂಕ್ರೀಟು ಹಾಸಿದರು. ತಿರುವಿಗೆ ಅವನ ಹೆಸರೂ ಬಂತು. ಇಂದು ಬೋಧಕರು ‘ಈಗ ಇಳಿಸಿ’ ಎಂದು ವಾಕಿಟಾಕಿಯಲ್ಲಿ ಹೇಳಿದಾಗ ನಾವೆಲ್ಲ ನಮ್ಮ ಸಂಸಾರದ ಕಾರುಗಳನ್ನು ಇಳಿಸುವುದು ಆ ಚರಂಡಿಗೇ.

ಚಾಲನೆ ಕಲಿಸುವ ಶಾಲೆಗಳು ಬೇರೆ ಕಡೆಯೂ ಇದ್ದವು. ಇಂಗ್ಲೆಂಡಿನ ಸ್ನೆಟರ್ಟನ್‌ನಲ್ಲಿ ಜಿಮ್ ರಸೆಲ್ 1950ರ ದಶಕದಲ್ಲೇ ರೇಸ್ ಶಾಲೆ ನಡೆಸಿದ. ಅಮೆರಿಕದ ಬಾಬ್ ಬಾಂಡುರಾಂಟ್ 1967ರ ಅಪಘಾತದಲ್ಲಿ ಕಾಲು ಮುರಿದು ಮಲಗಿದ್ದಾಗ ಶಾಲೆಯ ಯೋಜನೆ ಹೆಣೆದು ಮರುವರ್ಷ ಆರಂಭಿಸಿದ. ಅಲ್ಲೆಲ್ಲ ಗುರಿ ರೇಸು, ಗಾಡಿ ಶಾಲೆಯದ್ದು. ಜರ್ಮನಿಯಲ್ಲಿ 1970ರ ದಶಕದಲ್ಲಿ ಕಾರು ತಯಾರಕರೇ ತಮ್ಮ ಗಿರಾಕಿಗಳಿಗೆ ಕಲಿಸಲು ಮುಂದಾದರು. 1977ರಲ್ಲಿ ಬಿಎಂಡಬ್ಲ್ಯೂ ತರಬೇತಿ ಆರಂಭಿಸಿದಾಗ ಅದನ್ನು ರೂಪಿಸಿದವರು ಫಿನ್ಲೆಂಡಿನ ರ‍್ಯಾಲಿ ಚಾಲಕ ರೌನೋ ಆಲ್ಟೊನೆನ್, 1967ರ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಪುಟ್ಟ ಮಿನಿ ಕೂಪರಿನಲ್ಲಿ ಗೆದ್ದಾತ. ಸೀಟಿನಲ್ಲಿ ಹೇಗೆ ಕೂರಬೇಕು, ಕಣ್ಣು ಎಷ್ಟು ದೂರ ನೆಡಬೇಕು, ಬ್ರೇಕನ್ನು ಎಷ್ಟು ಗಟ್ಟಿಯಾಗಿ ತುಳಿಯಬೇಕು: ಪಾಠ ಇಲ್ಲಿಂದ ಶುರು. ಮರುವರ್ಷ, 1978ರಲ್ಲಿ, ಬಾಷ್‌ನ ಎಬಿಎಸ್ ಬ್ರೇಕು ವ್ಯವಸ್ಥೆ ಮಾರಾಟದ ಕಾರುಗಳಿಗೆ ಬಂತು. ಅಲ್ಲಿಯವರೆಗೆ ಚಕ್ರ ಜಾಮ್ ಆಗದಂತೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ತುಳಿಯುವುದನ್ನು ಕಲಿಸುತ್ತಿದ್ದರು. ಎಬಿಎಸ್ ಬಂದ ಮೇಲೆ ಪೂರ್ತಿ ತುಳಿದು ಹಾಗೇ ಹಿಡಿದಿರಿ ಎಂದು ಕಲಿಸಬೇಕಾಯಿತು.

ಸ್ವಂತ ಕಾರಿನಲ್ಲೇ ಕಲಿಯಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ನನ್ನ ವೃತ್ತಿಯೂ ಕಾರಣ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ, ಪೆಡಲ್ ಮೆತ್ತಗೆ ನೆಲಕ್ಕಿಳಿಯುತ್ತದೆ. ಆರೆಂಬರ್ಗ್‌ನಿಂದ ಬ್ರೈಡ್‌ಶೈಡ್‌ಗೆ ಇಳಿಯುವ ಹಾದಿಯಲ್ಲಿ ಈ ಲೆಕ್ಕ ಪಾದಕ್ಕೆ ತಿಳಿಯುತ್ತದೆ. ಶಾಲೆಯ ಕಾರಿನಲ್ಲಿ ತಿಳಿದದ್ದು ಶಾಲೆಯಲ್ಲೇ ಉಳಿಯುತ್ತದೆ. ಮಕ್ಕಳನ್ನು ಕೂರಿಸಿಕೊಂಡು ನಾಳೆ ಹೆದ್ದಾರಿಗೆ ಹೋಗುವುದು ಯಾವ ಕಾರಿನಲ್ಲೋ, ಅದರ ಮಿತಿ ಗೊತ್ತಿರಬೇಕು.

ನಮ್ಮಲ್ಲೂ ಸ್ವಂತ ಕಾರಿನ ಈ ಹುಚ್ಚಿಗೆ ಚರಿತ್ರೆಯಿದೆ. ಮದ್ರಾಸಿನ ಉತ್ತರಕ್ಕಿರುವ ಶೋಳಾವರಂನಲ್ಲಿ ಎರಡನೇ ಮಹಾಯುದ್ಧದ ಹಳೆಯ ರನ್‌ವೇ ಮೇಲೆ ದಶಕಗಳ ಕಾಲ ರೇಸು ನಡೆಯಿತು. ನನ್ನ ಸೋದರಮಾವ ಬೆಂಗಳೂರಿನಿಂದ ಹೋಗಿ ನೋಡುತ್ತಿದ್ದರು. ಹೆರಾಲ್ಡ್, ಫಿಯಟ್‌ಗಳನ್ನು ಓಡಿಸಿಕೊಂಡೇ ಬಂದು, ಬಂಪರ್ ಬಿಚ್ಚಿಟ್ಟು ರೇಸಿಗಿಳಿದು, ಸಂಜೆ ಮತ್ತೆ ಜೋಡಿಸಿಕೊಂಡು ಊರಿಗೆ ಹೊರಡುವವರ ವಿಷಯ ಅವರು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುತ್ತಿರಲಿಲ್ಲ.

ಮತ್ತೆ ಐಫೆಲ್ ಕಾಡಿಗೆ ಬಂದರೆ, 1976ರ ಆಗಸ್ಟ್ 1ರಂದು ನೋರ್ಡ್‌ಶ್ಲೈಫೆಯ ಫಾರ್ಮುಲಾ ಒನ್ ರೇಸಿನಲ್ಲಿ ಚಾಲಕ ನಿಕಿ ಲೌಡಾನ ಕಾರು ಬೆಂಕಿ ಹತ್ತಿ ಉರಿಯಿತು. ಹಿಂದೆ ಬಂದ ಚಾಲಕರೇ ಅವನನ್ನು ಎಳೆದು ಉಳಿಸಿದರು. ಫಾರ್ಮುಲಾ ಒನ್ ಮತ್ತೆ ಆ ಸುತ್ತಿಗೆ ಬರಲಿಲ್ಲ. 1984ರಲ್ಲಿ ಪಕ್ಕದಲ್ಲೇ ಹೊಸ ಚಿಕ್ಕ ಟ್ರ್ಯಾಕ್ ಎದ್ದಿತು. ಹಳೆಯ ರಸ್ತೆ ಮಾತ್ರ ಕಾಡಿಗೆ ಸೇರಿಹೋಗಲಿಲ್ಲ. ಕಾರು ಕಂಪನಿಗಳ ಪರೀಕ್ಷೆ, 24 ಗಂಟೆಗಳ ರೇಸು, ಶಾಲೆಗಳು, ಸುಂಕ ಕಟ್ಟುವ ಜನ ಅದನ್ನು ಬಳಕೆಯಲ್ಲಿಟ್ಟರು. ನ್ಯೂರ್‌ಬರ್ಗ್ ಹಳ್ಳಿಯ ಹೋಟೆಲಿನವರ ಮಗಳು ಸಬೀನೆ ಶ್ಮಿಟ್ಸ್ 1996 ಮತ್ತು 1997ರಲ್ಲಿ ಆ 24 ಗಂಟೆಗಳ ರೇಸನ್ನು ಗೆದ್ದ ತಂಡದಲ್ಲಿದ್ದಳು. ಅದನ್ನು ಗೆದ್ದ ಮೊದಲ ಹೆಂಗಸು. ಆಮೇಲೆ ವರ್ಷಗಟ್ಟಲೆ ಪ್ರವಾಸಿಗಳನ್ನು ಕೂರಿಸಿಕೊಂಡು ಅದೇ ಸುತ್ತು ತೋರಿಸಿದಳು. 2021ರಲ್ಲಿ ತೀರಿಕೊಂಡಳು, ಆ ವರ್ಷವೇ ಮೊದಲ ತಿರುವಿಗೆ ಅವಳ ಹೆಸರಿಟ್ಟರು.

2009ರಲ್ಲಿ ಅಲ್ಲಿ ಸರ್ಕಾರದ ದುಡ್ಡಿನಿಂದ ಭಾರೀ ಮನರಂಜನಾ ಸಂಕೀರ್ಣ ಎದ್ದಿತು, ರೋಲರ್ ಕೋಸ್ಟರ್ ಸಮೇತ. 2012ರಲ್ಲಿ ನ್ಯೂರ್‌ಬರ್ಗ್‌ರಿಂಗ್ ಕಂಪನಿ ದಿವಾಳಿ ಎದ್ದಿತು. ರಸ್ತೆ ಖಾಸಗಿಯವರ ಪಾಲಾದರೆ ಸಾಮಾನ್ಯರಿಗೆ ಬಾಗಿಲು ಮುಚ್ಚೀತೆಂದು ಹೆದರಿದ ಜನ ಕಾರಿನ ಹಿಂಬದಿಗೆ ‘ರಿಂಗ್ ಉಳಿಸಿ’ ಎಂಬ ಚೀಟಿ ಅಂಟಿಸಿಕೊಂಡು ಓಡಾಡಿದರು. 2014ರಲ್ಲಿ ಅದು ಮಾರಾಟವಾಯಿತು, ಆದರೂ ಸಂಜೆಯ ಬಾಗಿಲು ಮುಚ್ಚಲಿಲ್ಲ. ಆ ರೋಲರ್ ಕೋಸ್ಟರ್ ಬೆರಳೆಣಿಕೆಯ ದಿನ ಓಡಿ ನಿಂತಿತು.

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಉಡುಪಿಯ ಹುಡುಗ ಕೇಳಿದ: ‘ಅಕ್ಕ, ನಂಗೂ ಆ ಶಾಲೆಗೆ ಬರ್ಬೇಕು. ಯಾವ ಕಾರು ತಕೊಳ್ಲಿ?’ ಅವನ ಹತ್ತಿರ ಎಂಟು ವರ್ಷ ಹಳೆಯದೊಂದು ಗಾಲ್ಫ್ ಇದೆ. ‘ಹೊಸತೆಂತಕ್ಕೆ ಮಾರಾಯ, ಅದೇ ಸಾಕು’ ಎಂದೆ. ಬ್ರೇಕ್ ಆಯಿಲ್ ಬದಲಾಯಿಸು. ಪ್ಯಾಡ್ ಎಷ್ಟು ಉಳಿದಿದೆ ನೋಡು. ವೀಲ್ ನಟ್ಟುಗಳನ್ನು ಬಿಗಿ ಮಾಡಿಸು, ಡಿಕ್ಕಿ ಪೂರ್ತಿ ಖಾಲಿ ಮಾಡು. ಇನ್ಶೂರೆನ್ಸ್ ಪತ್ರ ಓದು. ಇಂಥ ಜಾಗದ ಅಪಘಾತವನ್ನು ಹೊರಗಿಡುವ ಪಾಲಿಸಿಗಳೇ ಹೆಚ್ಚು, ಮತ್ತೆ ರಸ್ತೆಯಂಚಿನ ಕಬ್ಬಿಣದ ತಡೆಗೆ ಗುದ್ದಿದರೆ ಅದರ ದುಡ್ಡನ್ನೂ ನೀನೇ ಕೊಡಬೇಕು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಾ, ಮಳೆ ಬಂದರೂ ಪಾಠ ನಿಲ್ಲುವುದಿಲ್ಲ.