ವುಸ್ಟರ್‌ಶೈರ್ ಸಾಸಿನ ಮೂಲ: ಒಂದು ಐತಿಹ್ಯದ ಪರಿಶೀಲನೆ

ಕೆಂಡದ ಮೇಲೆ ಸುಟ್ಟ ದನದ ಮಾಂಸದ ದಪ್ಪ ಹೋಳಿಗೆ ಇಂಗ್ಲಿಷರು ಸ್ಟೀಕ್ ಎನ್ನುತ್ತಾರೆ. ಅದರೊಡನೆ ನಂಚಿಕೊಳ್ಳಲು ಅವರು ಬಳಸುವ ಸಾಸುಗಳಲ್ಲಿ ವುಸ್ಟರ್‌ಶೈರ್ ಸಾಸ್ ಪ್ರಸಿದ್ಧವಾದುದು. ವುಸ್ಟರ್ ನಗರದ ಔಷಧ ವ್ಯಾಪಾರಿಗಳಾದ ಲೀ ಮತ್ತು ಪೆರಿನ್ಸ್ ಎಂಬವರು 1830ರ ದಶಕದ ಕೊನೆಯ ಭಾಗದಲ್ಲಿ ಇದನ್ನು ಮಾರಾಟಕ್ಕೆ ತಂದರು. ಬಂಗಾಳದ ಗವರ್ನರನಾಗಿದ್ದ ಲಾರ್ಡ್ ಮಾರ್ಕಸ್ ಸ್ಯಾಂಡ್ಸ್ ಎಂಬಾತನು 1835ರ ಸುಮಾರಿನಲ್ಲಿ ಭಾರತದ ಪಾಕವಿಧಿಯೊಂದನ್ನು ಕೊಟ್ಟು ಇದನ್ನು ಮಾಡಿಸಿದನೆಂದೂ, ಮೊದಲು ರುಚಿಸದೆ ನೆಲಮಾಳಿಗೆಯಲ್ಲಿ ಬಿಟ್ಟಿದ್ದ ಸಾಸು ಕಾಲಾಂತರದಲ್ಲಿ ಹದಗೊಂಡು ಸ್ವಾದಿಷ್ಟವಾಯಿತೆಂದೂ ಐತಿಹ್ಯವುಂಟು.

ಈ ಐತಿಹ್ಯವು ದಾಖಲೆಗಳೆದುರು ನಿಲ್ಲುವುದಿಲ್ಲ. ಬಂಗಾಳದ ಗವರ್ನರುಗಳ ಪಟ್ಟಿಯಲ್ಲಿ ಸ್ಯಾಂಡ್ಸ್ ಎಂಬ ಲಾರ್ಡನ ಹೆಸರೇ ಇಲ್ಲ. 1828ರಿಂದ 1835ರವರೆಗೆ ಅಲ್ಲಿ ಗವರ್ನರ್ ಜನರಲ್ ಆಗಿದ್ದವನು ವಿಲಿಯಂ ಬೆಂಟಿಂಕ್. ಅಲ್ಲದೆ 1835ರಲ್ಲಿ ಸ್ಯಾಂಡ್ಸ್ ಎಂಬ ಬಿರುದು ಇದ್ದುದು ಮೇರಿ ಎಂಬ ಮಹಿಳೆಗೆ. ಮಾರ್ಕಸನಿಗೆ ಅದು ದೊರೆತುದು 1860ರಲ್ಲಿ. ಈ ಸಂಸ್ಥೆಯ ಚರಿತ್ರೆಯನ್ನು 1997ರಲ್ಲಿ ಪ್ರಕಟಿಸಿದ ಬ್ರಯನ್ ಕೀಯೊ ಅವರೂ ಗವರ್ನರನ ಕಥೆಯನ್ನು ಒಪ್ಪಿಲ್ಲ.

ಹಾಗಾದರೆ ಸಾಸಿನಲ್ಲಿರುವ ಪದಾರ್ಥಗಳು ಏನು ಹೇಳುತ್ತವೆ? ವಿನೆಗರ್, ಕಾಕಂಬಿ, ಈರುಳ್ಳಿ, ಬೆಳ್ಳುಳ್ಳಿಗಳೊಡನೆ ಆಂಚೊವಿ ಎಂಬ ಸಣ್ಣ ಮೀನೂ ಹುಣಿಸೆಯೂ ಅದರಲ್ಲಿವೆ. ಮೀನಿನ ಬಳಕೆ ಹೊಸದಲ್ಲ. 1727ರಲ್ಲಿ ಪ್ರಕಟವಾದ ಇಲೈಜಾ ಸ್ಮಿತ್ ಎಂಬಾಕೆಯ ಪಾಕಗ್ರಂಥದಲ್ಲಿಯೇ ಆಂಚೊವಿ ಹಾಕಿ ಮಾಡುವ ಕೆಚಪ್ಪಿನ ವಿಧಾನವಿದೆ. ಕೆಚಪ್ ಎಂಬ ಶಬ್ದದ ಮೂಲವನ್ನು ವಿದ್ವಾಂಸರು ದಕ್ಷಿಣ ಚೀನದ ಮೀನಿನ ರಸದ ಹೆಸರಿನಲ್ಲಿ ಗುರುತಿಸುತ್ತಾರೆ. ಹುಣಿಸೆಯ ಇಂಗ್ಲಿಷ್ ಹೆಸರಾದ ಟ್ಯಾಮರಿಂಡ್ ಎಂಬುದು ಭಾರತದ ಖರ್ಜೂರ ಎಂಬರ್ಥದ ಅರಬ್ಬೀ ಮಾತಿನಿಂದ ಬಂದುದು. ಆದರೆ ಅದು ಯೂರೋಪಿನ ಔಷಧದಂಗಡಿಗಳಲ್ಲಿ ವಿರೇಚನದ್ರವ್ಯವಾಗಿ ಬಹುಕಾಲದಿಂದ ಬಳಕೆಯಲ್ಲಿತ್ತು. ವೆಸ್ಟ್ ಇಂಡೀಸ್ ದ್ವೀಪಗಳಿಂದಲೂ ಇಂಗ್ಲೆಂಡಿಗೆ ಹೋಗುತ್ತಿತ್ತು. ಔಷಧ ವ್ಯಾಪಾರಿಗಳಿಗೆ ಹುಣಿಸೆ ದೊರೆಯಲು ಗವರ್ನರನೊಬ್ಬನ ನೆರವು ಬೇಕಾಗಿರಲಿಲ್ಲ.

ದಿನವೂ ಸಾರು ಗೊಜ್ಜುಗಳಿಗೆ ಹುಣಿಸೆ ಕಿವುಚುವ ನಮಗೆ ಈ ಐತಿಹ್ಯ ಅಭಿಮಾನವನ್ನುಂಟುಮಾಡುವುದು ಸಹಜ. ಆದರೆ ಅಭಿಮಾನವು ಪ್ರಮಾಣವಾಗಲಾರದು. ಹುಣಿಸೆಯೊಂದರಿಂದಲೇ ಪಾಕವಿಧಿಯು ಭಾರತದ್ದೆಂದು ಸಿದ್ಧವಾಗುವುದಿಲ್ಲ. ಗವರ್ನರನ ಕಥೆ ಸುಳ್ಳಾದ ಮಾತ್ರಕ್ಕೆ ಪೂರ್ವದೇಶಗಳ ಸಂಬಂಧವೂ ಇಲ್ಲವೆಂದಾಗುವುದಿಲ್ಲ. ಮೀನಿನ ರಸ, ಹುಣಿಸೆ, ಕಾಕಂಬಿಗಳನ್ನು ಒಂದು ಸೀಸೆಯಲ್ಲಿ ಕೂಡಿಸಿದುದು ಅನೇಕ ದೇಶಗಳ ಬೆಳೆಗಾರರು, ನಾವಿಕರು, ಅಡುಗೆಯವರ ಶತಮಾನಗಳ ವ್ಯವಹಾರ. ಆ ಶ್ರೇಯಸ್ಸನ್ನು ಐತಿಹ್ಯವು ಒಬ್ಬ ಕುಲೀನನಿಗೆ ಒಪ್ಪಿಸಿತು. ಆಹಾರದ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಸೀಸೆಯ ಮೇಲಿನ ಕಥೆಗಿಂತ ಒಳಗಿನ ಪದಾರ್ಥಗಳನ್ನೂ ಅವು ಬಂದ ದಾರಿಯನ್ನೂ ಮೊದಲು ವಿಚಾರಿಸಬೇಕೆಂದು ನಾವು ಭಾವಿಸುತ್ತೇವೆ.